ರಿಜಿಸ್ಟರ್ ಮುನ್ನಾದಿನದ ಬೇಡಿಕೆ

ತೋಟದ ಬಂಧುಗಳೇ,

ಮಗಳ ಮದುವೆಗೋ ಕಾಯಿಲೆಗೋ ನಾವು ಕಟ್ಟಿದ ಮನೆ ಮಾರುತ್ತೇವೆ. ಮಾತು ಮುಗಿದ ಮೇಲೆ, ರಿಜಿಸ್ಟರ್ ಮುನ್ನಾದಿನ ಕೊಳ್ಳುವವರು ಬಂದು, “ಹೆಂಚು ಬದಲಿಸಿ, ಐದು ಸಾವಿರ ಇಳಿಸಿ, ಬೀಗದ ಕೈ ಈಗಲೇ ಕೊಡಿ” ಎನ್ನುತ್ತಾರೆ. ನಮ್ಮ ಅವಸರ ಅವರಿಗೆ ಗೊತ್ತು.

ತೆರಿಗೆ ರಸೀದಿ, ಋಣಭಾರ ಪತ್ರ ಕೇಳಿದರೆ ಅದು ನ್ಯಾಯ, ಕೊಡೋಣ. ಆದರೆ ಒಡೆದ ಹೆಂಚನ್ನು ನೋಡಿಯೇ ಬೆಲೆ ಕುದುರಿತ್ತಲ್ಲವೇ? ಮತ್ತೆ ಇಳಿಸಬೇಕಾಗಿಲ್ಲ. ದುರಸ್ತಿ, ಗಡುವು, ಬೀಗದ ಕೈ ಕೊಡುವ ದಿನ ಎಲ್ಲವನ್ನೂ ಕರಾರಿನಲ್ಲೇ ಬರೆಸೋಣ. ಹಣ ಪೂರ್ತಿ ಬಾರದೆ ಬೀಗದ ಕೈ ಬೇಡ.

“ಎಲ್ಲವೂ ನಗದು” ಎಂಬ ಆಸೆಗೂ ಬೀಳದಿರೋಣ. 2015ರ ಜೂನ್ 1ರಿಂದ ಮನೆ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದನ್ನು ತೆರಬೇಕಾದವರು ಪಡೆದ ನಾವೇ. ಬ್ಯಾಂಕಿನ ಮೂಲಕವೇ ಪಡೆಯೋಣ.