ಮರೀನಾ ಇರಲಿ, ಮೊದಲು ಕಡವು ಕೊಡಿ

ನಮ್ಮ ಪುಂಜಾಲಕಟ್ಟೆಯಲ್ಲಿ ಹೊಳೆ ಇಲ್ಲ. ಹತ್ತಿರದಲ್ಲಿ ಕಾರಿಂಜದ ಬಂಡೆ ಇದೆ, ಬಂಟ್ವಾಳಕ್ಕೂ ಬೆಳ್ತಂಗಡಿಗೂ ಬಸ್ಸು ಇದೆ, ಹೆದ್ದಾರಿ ಅಗಲ ಮಾಡುವಾಗ ಎದ್ದ ಧೂಳಿನ ನೆನಪು ಇದೆ. ಇಂಥ ಊರಿನಲ್ಲಿ ಕೂತು ನನ್ನ ಗೆಳೆಯನೊಬ್ಬ ದೋಣಿ ತೆಗೆಯುವ ಆಲೋಚನೆ ಮಾಡಿದ. ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವನು ಅವನು. ಅಲ್ಲಿ ಯಜಮಾನ ರಜೆಯ ದಿನ ಮೀನು ಹಿಡಿಯಲು ಹೋಗುವ ಬೋಟನ್ನು ತೊಳೆದು ನಿಲ್ಲಿಸುವುದೂ ಇವನ ಕೆಲಸವಾಗಿತ್ತಂತೆ. ಈಗ ತನ್ನದೇ ಒಂದು ಸಣ್ಣ ಫೈಬರ್ ದೋಣಿ ತೆಗೆದು, ತುಂಬೆ ಅಣೆಕಟ್ಟಿನ ಹಿನ್ನೀರಿನಲ್ಲಿ ಭಾನುವಾರ ಗಾಳ ಹಾಕಿ ಕೂರಬೇಕು ಎಂದು ಆಸೆ.

"ದೋಣಿ ಸಿಗ್ತದೆ ಮಾರಾಯ. ಕಟ್ಟುದು ಎಲ್ಲಿ ಹೇಳು?" ಎಂದು ಕೇಳಿದ.

ಸುಲಭದ ಪ್ರಶ್ನೆ ಎಂದುಕೊಂಡೆ. ಎರಡು ಭಾನುವಾರ ವಗ್ಗ, ಜಕ್ರಿಬೆಟ್ಟು, ಬಂಟ್ವಾಳ, ಪಾಣೆಮಂಗಳೂರು, ತುಂಬೆ ಎಂದು ಬೈಕಿನಲ್ಲಿ ಸುತ್ತಿದೆವು. ಕಣ್ಣು ಹಾಯಿಸಿದಲ್ಲೆಲ್ಲ ನೀರು. ಇಳಿಯಲು ದಾರಿ ಮಾತ್ರ ಇಲ್ಲ. ಒಂದು ಕಡೆ ತಡೆಗೋಡೆ, ಇನ್ನೊಂದು ಕಡೆ ಬೀಗ ಹಾಕಿದ ತೋಟದ ಗೇಟು, ಮತ್ತೊಂದು ಕಡೆ ಮರಳಿನ ರಾಶಿ, ಅದರಾಚೆ "ಪ್ರವೇಶ ನಿಷೇಧಿಸಲಾಗಿದೆ" ಎಂಬ ಬೋರ್ಡು. ಒಂದು ಕಚೇರಿಗೆ ಹೋಗಿ ಕೇಳಿದರೆ ಇನ್ನೊಂದನ್ನು ತೋರಿಸಿದರು. ಅಲ್ಲಿಯವರು ಮೂರನೆಯದನ್ನು ತೋರಿಸಿದರು. ಮೂರನೆಯ ಕಡೆ ಒಬ್ಬರು ನಕ್ಕು, "ದೋಣಿ ಯಾಕೆ? ಕಾರು ಉಂಟಲ್ಲ?" ಎಂದರು. ಈ ಬರಹ ಆ ನಗುವಿಗೆ ಉತ್ತರ.

ಬಂಟ್ವಾಳ ಪೇಟೆ ಹುಟ್ಟಿದ್ದೇ ದೋಣಿ ಕಟ್ಟುವ ಜಾಗದಿಂದ. ಘಟ್ಟದಿಂದ ಇಳಿದ ಸರಕು ಇಲ್ಲಿ ಗಾಡಿಯಿಂದ ದೋಣಿಗೆ ಬದಲಾಗಿ ಮಂಗಳೂರಿಗೆ ಹೋಗುತ್ತಿತ್ತು. ಪೇಟೆಯ ಬೆನ್ನು ಹೊಳೆಗೆ ಒರಗಿರುವುದು ಅದಕ್ಕೇ. ಮೇಲೆ ಕಡೇಶಿವಾಲಯದ ದೇವಸ್ಥಾನ ಈ ದಡದಲ್ಲಾದರೆ ಅಜಿಲಮೊಗರಿನ ಮಸೀದಿ ಆ ದಡದಲ್ಲಿ. ನಡುವೆ ಜನರನ್ನು ದಾಟಿಸುತ್ತಿದ್ದದ್ದು ದೋಣಿ. ಇಂಥ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತಾರೆ. ಅದಕ್ಕೆ ಟಿಕೆಟ್ಟು ಇರಲಿಲ್ಲ, ಗೇಟು ಇರಲಿಲ್ಲ, ಉದ್ಘಾಟನೆಯ ಕಲ್ಲೂ ಇರಲಿಲ್ಲ.

ಕಡವನ್ನು ಹೇಗೆ ಆರಿಸುತ್ತಿದ್ದರು? ಗೆಳೆಯನ ಸೋದರಮಾವ ನಲವತ್ತು ವರ್ಷ ಹೊಳೆಯಲ್ಲಿ ಬಲೆ ಬೀಸಿದವರು. ಅವರನ್ನೇ ಕೇಳಿದೆವು. "ನೀರು ಚಂದ ಇರುವಾಗ ಜಾಗ ನೋಡ್ಬಾರ್ದು ಮಗಾ. ಏಪ್ರಿಲ್‌ನಲ್ಲಿ ಒಮ್ಮೆ ನೋಡು, ಜುಲೈಯಲ್ಲಿ ಒಮ್ಮೆ ನೋಡು. ಎರಡೂ ಸಲ ದೋಣಿ ನಿಲ್ತದಾದ್ರೆ ಅದು ಕಡವು" ಎಂದರು. ಮತ್ತೆ ಬೆರಳು ಮಡಚುತ್ತಾ ಹೋದರು. ಹೊಳೆಯ ತಿರುವಿನಲ್ಲಿ ಹೊರಬದಿ ಬೇಡ, ಅಲ್ಲಿ ಸೆಳವು ದಡವನ್ನೇ ತಿನ್ನುತ್ತದೆ. ಒಳಬದಿ ನೀರು ಶಾಂತ, ಆದರೆ ತೀರ ಒಳಗೆ ಹೋದರೆ ಮರಳು ತುಂಬಿ ದೋಣಿ ಕೂತುಬಿಡುತ್ತದೆ. ಕಾಲು ಹೂಳುವ ಕೆಸರು ಬೇಡ. ದಡ ಇಳಿಜಾರಾಗಿರಬೇಕು, ಮಳೆಗಾಲಕ್ಕೆ ಇಬ್ಬರು ಸೇರಿ ದೋಣಿಯನ್ನು ಮೇಲೆ ಎಳೆದು ಮಡಲಿನ ಚಪ್ಪರದಡಿ ಕವುಚಿಡುವ ಹಾಗೆ. ಹಗ್ಗ ಕಟ್ಟಲು ಬೇರು ಗಟ್ಟಿ ಇರುವ ಮರ ಬೇಕು. ಬುಟ್ಟಿ ಹೊತ್ತು ರಸ್ತೆಗೆ ಬರುವಷ್ಟು ಹತ್ತಿರ ಇರಬೇಕು. ಕೊನೆಯದಾಗಿ, ರಾತ್ರಿ ಕೆಮ್ಮಿದರೆ ಕೇಳುವಷ್ಟು ದೂರದಲ್ಲಿ ಒಂದು ಮನೆ ಬೇಕು.

ಈಗ ಸರಕಾರ ಜಾಗ ಆರಿಸುವ ರೀತಿ ನೋಡಿ. 2023ರ ಜನವರಿಯಲ್ಲಿ ಬೈಂದೂರಿನಲ್ಲಿ ದೇಶದ ಮೊದಲ ಮರೀನಾ ಎಂಬ ಘೋಷಣೆ ಬಂತು. ಪಕ್ಕದ ಕೊಚ್ಚಿಯ ಬೋಳ್ಗಾಟಿ ದ್ವೀಪದಲ್ಲಿ ಮರೀನಾ ಅದಾಗಲೇ ಇತ್ತು ಎಂಬುದು ಯಾರಿಗೂ ಅಡ್ಡ ಬರಲಿಲ್ಲ. ಅದಕ್ಕೂ ಮೊದಲು ಮಲ್ಪೆಯ ಪಡುಕರೆಯಲ್ಲಿ ಮರೀನಾ ಎಂದಾಗ ಅಲ್ಲಿನ ಮೀನುಗಾರರು ಎದ್ದು ನಿಂತು ಬೇಡ ಎಂದರು. ಅವರನ್ನು ಅಭಿವೃದ್ಧಿ ವಿರೋಧಿಗಳು ಎಂದು ಕರೆಯುವುದು ಸುಲಭ. ಮಂಗಳೂರಿನ ಧಕ್ಕೆಗೆ ಒಮ್ಮೆ ಹೋಗಿ ನೋಡಿ: ರಜೆಯ ಕಾಲದಲ್ಲಿ ಬೋಟುಗಳು ಜಾಗವಿಲ್ಲದೆ ಒಂದರ ಪಕ್ಕೆಗೆ ಒಂದು ತಾಗಿ ಸಾಲುಸಾಲಾಗಿ ನಿಂತಿರುತ್ತವೆ. ದುಡಿಯುವ ಬೋಟಿಗೇ ಜಾಗ ಇಲ್ಲದಲ್ಲಿ ವಿಹಾರದ ಬೋಟಿಗೆ ಜಾಗ ಹುಡುಕುವವರ ಮೇಲೆ ಅವರಿಗೆ ನಂಬಿಕೆ ಹೇಗೆ ಬರಬೇಕು? ಕರಾವಳಿಯವರ ಬಾಯಲ್ಲಿ ಧಕ್ಕೆ ಎಂದರೆ ದೋಣಿ ನಿಲ್ಲುವ ಜಾಗ, ಪತ್ರಿಕೆಯ ಕನ್ನಡದಲ್ಲಿ ಧಕ್ಕೆ ಎಂದರೆ ಹಾನಿ. ಯೋಜನೆ ಬರೆಯುವವರಿಗೆ ಎರಡನೆಯ ಅರ್ಥ ಮಾತ್ರ ಗೊತ್ತಿದ್ದಂತಿದೆ.

ಸಮುದ್ರದ ಮಾತು ಬಿಟ್ಟು ಹೊಳೆಗೇ ಬರೋಣ. 2016ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಸಾರಿತು. ಅದರಲ್ಲಿ 74ನೆಯದು ನಮ್ಮ ನೇತ್ರಾವತಿ: ಧರ್ಮಸ್ಥಳದಿಂದ ಬೆಂಗ್ರೆಯ ಅಳಿವೆವರೆಗೆ. ಕಾಗದದಲ್ಲಿ ಇದು ಹೆದ್ದಾರಿಗೆ ಸಮಾನ. ನಿಜದಲ್ಲಿ ಧರ್ಮಸ್ಥಳದಿಂದ ದೋಣಿ ಬಿಟ್ಟವನು ಶಂಭೂರಿನ ಅಣೆಕಟ್ಟಿಗೆ ತಲೆ ಹೊಡೆಯುತ್ತಾನೆ. ಅದನ್ನು ಹೇಗೋ ದಾಟಿದರೆ ಜಕ್ರಿಬೆಟ್ಟು, ಆಮೇಲೆ ತುಂಬೆ. ಒಂದರಲ್ಲೂ ದೋಣಿ ದಾಟುವ ಬಾಗಿಲು ಇಲ್ಲ. ರಸ್ತೆಗೆ ಅಡ್ಡ ಗೋಡೆ ಕಟ್ಟಿ ಅದನ್ನೇ ಹೆದ್ದಾರಿ ಎಂದು ಕರೆದರೆ ನಾವು ಸುಮ್ಮನಿರುತ್ತೇವೆಯೇ?

ಅಣೆಕಟ್ಟು ಬೇಡವೆಂದು ನಾನು ಹೇಳುವುದಿಲ್ಲ. ಮಂಗಳೂರಿನವರು ಕುಡಿಯುವುದು ತುಂಬೆಯ ನೀರನ್ನೇ. ಆದರೆ ಅಲ್ಲಿ ಹಳೆಯ ನಾಲ್ಕು ಮೀಟರಿನ ಕಟ್ಟದ ಬದಲು ಏಳು ಮೀಟರ್ ಎತ್ತರದ ಹೊಸ ಅಣೆಕಟ್ಟು ಬಂದು, ಆರು ಮೀಟರ್ ನೀರು ನಿಲ್ಲಿಸಿದಾಗ ಹಳೆಯ ದಡಗಳು ಮುಳುಗಿದವು. ಮಳೆಗಾಲದಲ್ಲಿ ಗೇಟು ತೆರೆದರೆ ಅದು ಹೊಳೆ, ಬೇಸಿಗೆಗೆ ಗೇಟು ಹಾಕಿದರೆ ಅದು ಕೆರೆ. ಮುಳುಗಿದ ಗದ್ದೆ ತೋಟಕ್ಕೆ ಪರಿಹಾರ ಕೇಳಲು ಕೈಯಲ್ಲಿ ಪಹಣಿ ಇತ್ತು. ಕಡವಿಗೆ ಯಾರ ಹೆಸರಿನ ಪಹಣಿ? ಎಲ್ಲರದ್ದಾಗಿದ್ದದ್ದು ಯಾರದ್ದೂ ಅಲ್ಲದೆ ಹೋಯಿತು.

ಸೇತುವೆ ಬಂದ ಮೇಲೆ ಕಡವು ಯಾಕೆ ಎಂದು ಕೇಳುವವರಿದ್ದಾರೆ. ಸೇತುವೆ ಹೊಳೆಯನ್ನು ದಾಟಿಸುತ್ತದೆ. ಕಡವು ಹೊಳೆಗೆ ಇಳಿಸುತ್ತದೆ. ಎರಡೂ ಒಂದೇ ಅಲ್ಲ. ಇಳಿಯುವ ದಾರಿ ಹೋದರೆ ದೋಣಿ ಹೋಗುತ್ತದೆ, ದೋಣಿಯ ಜೊತೆ ಹೊಳೆ ಓದಲು ಬಲ್ಲವರೂ ಹೋಗುತ್ತಾರೆ. 1974ರ ನೆರೆಯಲ್ಲಿ ಬಂಟ್ವಾಳ ಪೇಟೆಯೊಳಗೆ ದೋಣಿ ಓಡಿದ್ದನ್ನು ಸೋದರಮಾವ ಇವತ್ತಿಗೂ ಹೇಳುತ್ತಾರೆ. ಮಾಡು ಹತ್ತಿ ಕೂತವರನ್ನು ಇಳಿಸಿದ್ದು ಕಡವಿನ ದೋಣಿಯವರೇ ಅಂತೆ. 2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂದು ಬೆಳ್ತಂಗಡಿ, ಬಂಟ್ವಾಳ ನಡುಗಿದವು. ಆಗ ನಮ್ಮ ಹತ್ತಿರ ಇದ್ದದ್ದು ಫೋನ್ ನಂಬರುಗಳು. ಮುಂದಿನ ನೆರೆಯಲ್ಲಿ ಪಕ್ಕದ ಮನೆಯ ಅಜ್ಜಿಯನ್ನು ಹೊತ್ತು ತರಲು ರಬ್ಬರ್ ದೋಣಿ ಎಷ್ಟು ಹೊತ್ತಿಗೆ ತಲಪುತ್ತದೆ ಎಂದು ಕಾಯುತ್ತಾ ನಿಲ್ಲುವವರು ನಾವೇ.

ಪ್ರವಾಸೋದ್ಯಮ ಬೇಡವೇ, ನಾಲ್ಕು ಜನರಿಗೆ ಕೆಲಸ ಬೇಡವೇ ಎನ್ನುತ್ತೀರಿ. ಬೇಕು. ಆದರೆ ಮರೀನಾದಲ್ಲಿ ಆ ನಾಲ್ಕು ಜನರಿಗೆ ಸಿಗುವ ಕೆಲಸ ಯಾವುದು? ನನ್ನ ಗೆಳೆಯ ಗಲ್ಫಿನಲ್ಲಿ ಮಾಡಿದ್ದೇ: ಇನ್ನೊಬ್ಬರ ಬೋಟು ತೊಳೆಯುವುದು. ಅದಕ್ಕೆ ಅವನು ಇಪ್ಪತ್ತು ವರ್ಷ ಕಳೆದು ಊರಿಗೆ ಬರಬೇಕಿತ್ತೇ?

ಕೇಳುವುದು ದೊಡ್ಡದೇನಲ್ಲ. ಪ್ರತಿ ಪಂಚಾಯತಿನಲ್ಲಿ ಇರುವ, ಇದ್ದ ಕಡವುಗಳ ಪಟ್ಟಿ ಮಾಡಿ ನಕ್ಷೆಯಲ್ಲಿ ಗುರುತಿಸಿ. ತಡೆಗೋಡೆ ಕಟ್ಟುವಾಗ ನಡುವೆ ಒಂದು ಇಳಿಜಾರು ಬಿಡಿ. ಅಣೆಕಟ್ಟಿನ ಹಿನ್ನೀರಿನಲ್ಲಿ ನೀರು ಏರಿದಂತೆ ಏರುವ, ಇಳಿದಂತೆ ಇಳಿಯುವ ತೇಲುವ ಕಟ್ಟೆ ಒಂದನ್ನಾದರೂ ಇಡಿ. ಕುಡಿಯುವ ನೀರಿನ ಚಿಂತೆ ಇದ್ದರೆ ಡೀಸೆಲ್ ಬೋಟು ಬೇಡವೆನ್ನಿ; ಹುಟ್ಟಿನಿಂದ ಯಾವ ನೀರೂ ಕೆಡುವುದಿಲ್ಲ. ಜಾಗ ಆರಿಸುವ ಸಮಿತಿಯಲ್ಲಿ ಬಲೆ ಬೀಸಿದ ಕೈ ಒಂದಾದರೂ ಇರಲಿ. ಇಷ್ಟಾದ ಮೇಲೆ ಮರೀನಾ ಕಟ್ಟುತ್ತೀರಾದರೆ ಕಟ್ಟಿ, ಮಾತಾಡೋಣ.

ಗೆಳೆಯ ದೋಣಿ ತೆಗೆದ. ಅದು ಈಗ ಪುಂಜಾಲಕಟ್ಟೆಯಲ್ಲಿ ಅವನ ಮನೆಯ ಶೆಡ್ಡಿನಲ್ಲಿ, ಕಾರಿನ ಪಕ್ಕ ಕವುಚಿ ಬಿದ್ದಿದೆ. ಮೊನ್ನೆ ಅದರ ಮೇಲೆ ಅಡಿಕೆ ಒಣಗಲು ಹಾಕಿದ್ದರು.