ಚಂದಾ ಹಣ: ಕಾರ್ಡ್‌ನಿಂದಲೋ, ಖಾತೆಯಿಂದಲೋ?

ಬೆಂಗಳೂರು: ಪತ್ರಿಕೆ ಹಾಕುವ ಹುಡುಗ ತಿಂಗಳ ಮೊದಲ ವಾರ ಬಾಗಿಲಿಗೆ ಬಂದು ಚಂದಾ ರಸೀದಿ ಹರಿದು ಕೊಡುತ್ತಿದ್ದ ಕಾಲವೊಂದಿತ್ತು. ಬೇಡವೆನಿಸಿದರೆ ‘ಮುಂದಿನ ತಿಂಗಳಿಂದ ಬೇಡಪ್ಪ’ ಎಂದರೆ ವ್ಯವಹಾರ ಮುಗಿಯುತ್ತಿತ್ತು. ಇಂದು ಚಲನಚಿತ್ರ, ಸಂಗೀತ, ಪತ್ರಿಕೆಯ ಅಂತರ್ಜಾಲ ಆವೃತ್ತಿ, ಜಿಮ್, ಮಕ್ಕಳ ಆನ್‌ಲೈನ್ ಪಾಠ ಎಲ್ಲಕ್ಕೂ ಹಣ ತಾನಾಗಿಯೇ ಕಡಿತವಾಗುತ್ತದೆ. ಗ್ರಾಹಕ ಒಮ್ಮೆ ಕೊಟ್ಟ ಮುಂಗಡ ಒಪ್ಪಿಗೆ, ಬ್ಯಾಂಕಿನವರ ಮಾತಿನಲ್ಲಿ ‘ಮ್ಯಾಂಡೇಟ್’, ಪ್ರತಿ ತಿಂಗಳೂ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಈ ಒಪ್ಪಿಗೆ ಎಲ್ಲಿ ದಾಖಲಾಗಿದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ. ಕಾರ್ಡ್‌ನ ಮೇಲೆ ಕೊಟ್ಟ ಒಪ್ಪಿಗೆ ಬೇರೆ, ಉಳಿತಾಯ ಖಾತೆಯಿಂದ ನೇರ ಕಡಿತಕ್ಕೆ ಕೊಟ್ಟ ಒಪ್ಪಿಗೆ ಬೇರೆ. ಹಣ ಸರಾಗವಾಗಿ ಹೋಗುತ್ತಿರುವಷ್ಟು ದಿನ ಈ ವ್ಯತ್ಯಾಸ ಗೋಚರಿಸದು. ನಿಲ್ಲಿಸಲು ಹೊರಟಾಗ ಗೋಚರಿಸುತ್ತದೆ.

ಕಾರ್ಡ್‌ಗೆ ಬಿದ್ದ ಕಡಿವಾಣ

ಕಾರ್ಡ್ ಮೂಲಕ ನಡೆಯುವ ಪುನರಾವರ್ತಿತ ಪಾವತಿಗೆ ಭಾರತೀಯ ರಿಸರ್ವ್ ಬ್ಯಾಂಕ್ ನಿಯಮ ರೂಪಿಸಿದ್ದು 2019ರ ಆಗಸ್ಟ್‌ನಲ್ಲಿ. ಮೊದಲ ಬಾರಿ ನೋಂದಾಯಿಸುವಾಗ ಒಟಿಪಿಯಂತಹ ಹೆಚ್ಚುವರಿ ದೃಢೀಕರಣ ಕಡ್ಡಾಯ. ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮುನ್ನ ಗ್ರಾಹಕನಿಗೆ ಸೂಚನೆ ಹೋಗಬೇಕು. ಆ ಸೂಚನೆ ನೋಡಿ ಆತ ಆ ಒಂದು ಕಂತನ್ನಾಗಲೀ ಇಡೀ ಒಪ್ಪಿಗೆಯನ್ನಾಗಲೀ ಹಿಂಪಡೆಯಲು ಅವಕಾಶವಿರಬೇಕು. ಈ ಸೌಲಭ್ಯಕ್ಕಾಗಿ ಗ್ರಾಹಕನಿಂದ ಶುಲ್ಕ ಪಡೆಯುವಂತಿಲ್ಲ. ಆರಂಭದಲ್ಲಿ 2 ಸಾವಿರ ರೂಪಾಯಿ ಇದ್ದ ಮಿತಿಯನ್ನು 2021ರ ಜನವರಿಯಿಂದ 5 ಸಾವಿರಕ್ಕೂ, 2022ರ ಜೂನ್‌ನಲ್ಲಿ 15 ಸಾವಿರಕ್ಕೂ ಏರಿಸಲಾಯಿತು. ಮಿತಿ ಮೀರಿದರೆ ಪ್ರತಿ ಬಾರಿಯೂ ದೃಢೀಕರಣ ಬೇಕು. ವಿಮಾ ಕಂತು, ಮ್ಯೂಚುಯಲ್ ಫಂಡ್ ಹಾಗೂ ಕ್ರೆಡಿಟ್ ಕಾರ್ಡ್ ಬಿಲ್‌ಗೆ 2023ರ ಡಿಸೆಂಬರ್‌ನಲ್ಲಿ 1 ಲಕ್ಷದವರೆಗೆ ವಿನಾಯಿತಿ ದೊರೆಯಿತು.

ಬ್ಯಾಂಕುಗಳು ಇದಕ್ಕೆ ಸುಲಭವಾಗಿ ಮಣಿಯಲಿಲ್ಲ. 2021ರ ಮಾರ್ಚ್ 31ರ ಗಡುವನ್ನು ಆರು ತಿಂಗಳು ಮುಂದೂಡಬೇಕಾಯಿತು. ಅದೇ ಅಕ್ಟೋಬರ್ 1ರಿಂದ ನಿಯಮ ಜಾರಿಯಾದಾಗ ದೇಶದಾದ್ಯಂತ ಚಂದಾ ಪಾವತಿಗಳು ವಿಫಲವಾದವು. ಸ್ವಯಂಸೇವಾ ಸಂಸ್ಥೆಗಳಿಗೆ ಬರುತ್ತಿದ್ದ ಮಾಸಿಕ ದೇಣಿಗೆಗೂ ಪೆಟ್ಟು ಬಿತ್ತು. ಆಪಲ್ ಕಂಪನಿ 2022ರಲ್ಲಿ ತನ್ನ ಆಪ್ ಸ್ಟೋರ್‌ನಲ್ಲಿ ಭಾರತೀಯ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನೇ ಕೈಬಿಟ್ಟಿತು. ತೊಂದರೆಯಾದದ್ದು ನಿಜ. ಆದರೆ ವರ್ಷಗಟ್ಟಲೆ ಮರೆತುಹೋಗಿದ್ದ ಚಂದಾಗಳು ಎಷ್ಟೋ ಮಂದಿಯ ಕಣ್ಣಿಗೆ ಬಿದ್ದದ್ದೂ ಆಗಲೇ.

ಖಾತೆಗೆ ಕೈಹಾಕುವ ದಾರಿ

ನೇರ ಕಡಿತದ ಚರಿತ್ರೆ ಇದಕ್ಕಿಂತ ಹಳೆಯದು. ‘ಇಸಿಎಸ್’ ಎಂಬ ಹೆಸರಿನಲ್ಲಿ ಗೃಹಸಾಲದ ಕಂತು, ದೂರವಾಣಿ ಬಿಲ್ ಕಟ್ಟಿದವರು ಇದನ್ನು ಬಲ್ಲರು. ಅದರ ಸ್ಥಾನಕ್ಕೆ ಬಂದಿರುವುದು ರಾಷ್ಟ್ರೀಯ ಪಾವತಿ ನಿಗಮ ನಡೆಸುವ ‘ನ್ಯಾಚ್’ ವ್ಯವಸ್ಥೆ. 2021ರ ಆಗಸ್ಟ್ 1ರಿಂದ ಇದು ಭಾನುವಾರ, ಹಬ್ಬದ ದಿನವೆನ್ನದೆ ನಡೆಯುತ್ತಿದೆ. ರಜೆಯ ದಿನ ಕಂತು ಕಡಿತವಾಗದೆಂದು ನಂಬಿ ಸೋಮವಾರ ಹಣ ತುಂಬಿದರಾಯಿತೆಂದು ಕುಳಿತರೆ ಈಗ ನಡೆಯದು.

ಕಾರ್ಡ್ ಅವಧಿ ಮುಗಿದರೆ ಅಥವಾ ಕಳೆದುಹೋದರೆ ಅದರ ಮೇಲಿನ ಒಪ್ಪಿಗೆಯನ್ನು ಬಹುತೇಕ ಹೊಸದಾಗಿ ದಾಖಲಿಸಬೇಕಾಗುತ್ತದೆ. ನ್ಯಾಚ್‌ಗೆ ಆ ತಾಪತ್ರಯವಿಲ್ಲ, ಅದು ಅಂಟಿಕೊಂಡಿರುವುದು ಖಾತೆಗೆ. ಖಾತೆಯ ವಿವರವೇ ಬದಲಾದರೆ ಮಾತ್ರ ಗೊಂದಲ. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, 2021ರ ಜುಲೈನಿಂದ ಅದರ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ರದ್ದಾದಾಗ ರಾಜ್ಯದ ಗ್ರಾಹಕರು ಎಲ್ಲೆಲ್ಲಿ ತಮ್ಮ ಖಾತೆಯ ವಿವರ ಕೊಟ್ಟಿದ್ದೇವೆಂದು ನೆನಪಿಸಿಕೊಳ್ಳಬೇಕಾಯಿತು.

ಗಂಭೀರವಾದ ವ್ಯತ್ಯಾಸ ಬೇರೊಂದಿದೆ. ಕ್ರೆಡಿಟ್ ಕಾರ್ಡ್‌ನಿಂದ ಚಂದಾ ಹಣ ಹೋಗದಿದ್ದರೆ ಸಾಮಾನ್ಯವಾಗಿ ಸೇವೆ ನಿಲ್ಲುತ್ತದೆ, ಅಷ್ಟೆ. ಖಾತೆಯಲ್ಲಿ ಹಣವಿಲ್ಲದೆ ನ್ಯಾಚ್ ಕಡಿತ ವಿಫಲವಾದರೆ ಬ್ಯಾಂಕ್ ದಂಡ ವಿಧಿಸುತ್ತದೆ, ಹಣ ಪಡೆಯಬೇಕಾದ ಸಂಸ್ಥೆಯೂ ಬೇರೆಯಾಗಿ ವಿಧಿಸಬಹುದು. ಜತೆಗೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು, ಸಾಲ ಅಥವಾ ಹೊಣೆಯ ತೀರುವಳಿಗಾಗಿ ಆಗಬೇಕಿದ್ದ ವಿದ್ಯುನ್ಮಾನ ವರ್ಗಾವಣೆ ಹಣದ ಕೊರತೆಯಿಂದ ಬಿದ್ದುಹೋದರೆ ಅದನ್ನು ಚೆಕ್ ಬೌನ್ಸ್‌ನಂತೆಯೇ ಅಪರಾಧವೆಂದು ಕಾಣುತ್ತದೆ. ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಮೊತ್ತದ ದುಪ್ಪಟ್ಟು ದಂಡ, ಇಲ್ಲವೇ ಎರಡೂ. ಲಿಖಿತ ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಕಟ್ಟಿದರೆ ಪ್ರಕರಣಕ್ಕೆ ಆಸ್ಪದವಿಲ್ಲ.

ಶುಲ್ಕವೆಂದು ತಿಳಿದದ್ದು ಸಾಲ

ಗೃಹಸಾಲ ಪಡೆದವನಿಗೆ ತಾನು ಸಾಲಗಾರನೆಂಬುದು ಗೊತ್ತಿರುತ್ತದೆ. ತೊಡಕಿರುವುದು ಶುಲ್ಕದ ವೇಷದಲ್ಲಿ ಬರುವ ಸಾಲದಲ್ಲಿ. ಮಕ್ಕಳ ಪಾಠದ ‘ತಿಂಗಳ ಶುಲ್ಕ’ ಎಂದು ಭಾವಿಸಿ ಪೋಷಕರು ಸಹಿ ಹಾಕಿದ ಕಾಗದ, ಹಣಕಾಸು ಸಂಸ್ಥೆಯೊಂದರ ಸಾಲಪತ್ರವಾಗಿರುವುದುಂಟು. ಆ ಸಂಸ್ಥೆ ಇಡೀ ಶುಲ್ಕವನ್ನು ಪಾಠ ನಡೆಸುವ ಕಂಪನಿಗೆ ಮೊದಲೇ ಪಾವತಿಸಿ, ಪೋಷಕರ ಖಾತೆಯಿಂದ ಕಂತು ಎತ್ತುತ್ತದೆ. ಪಾಠ ಇಷ್ಟವಾಗದೆ ಮಗು ಬಿಟ್ಟರೂ ಕಂತು ನಿಲ್ಲದು. ಈ ಬಗೆಯ ದೂರುಗಳ ಹಿನ್ನೆಲೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಪೋಷಕರಿಗೆ ಎಚ್ಚರಿಕೆ ನೀಡಿ, ಚಂದಾ ಪಾವತಿಗೆ ಸ್ವಯಂಚಾಲಿತ ಕಡಿತದ ಆಯ್ಕೆಯಿಂದ ದೂರವಿರಲು ಸೂಚಿಸಿತ್ತು.

ಬ್ರಿಟನ್‌ನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನೇರ ಕಡಿತಕ್ಕೆ ಖಾತರಿ ಪದ್ಧತಿಯಿದ್ದು, ತಪ್ಪಾಗಿ ಹಣ ಕಡಿತವಾದರೆ ಗ್ರಾಹಕನ ಬ್ಯಾಂಕೇ ತಕ್ಷಣ ಪೂರ್ಣ ಮೊತ್ತ ಮರಳಿಸಬೇಕು. ಹೀಗಾಗಿ ಅಲ್ಲಿನವರಿಗೆ ಕಾರ್ಡ್‌ಗಿಂತ ನೇರ ಕಡಿತವೇ ಸುರಕ್ಷಿತ. ಆ ಸಲಹೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ತಪ್ಪಾದೀತು. ಸಾಲ, ವಿಮೆ, ನಿಯತ ಉಳಿತಾಯಗಳಂತಹ ತಪ್ಪಿಸಲಾಗದ ಪಾವತಿಗೆ ನ್ಯಾಚ್ ಯುಕ್ತ. ಯಾವಾಗ ಬೇಕಾದರೂ ಬಿಡಬಹುದಾದ ಚಂದಾಕ್ಕೆ ಕಾರ್ಡ್ ಅಥವಾ 2020ರ ಜುಲೈನಲ್ಲಿ ಬಂದ ಯುಪಿಐ ಆಟೋಪೇ ಮೇಲು. ಆಟೋಪೇ ಹಣ ಖಾತೆಯಿಂದಲೇ ಹೋದರೂ ಅದಕ್ಕೆ ಕಾರ್ಡ್‌ನಂತೆಯೇ ಮುನ್ಸೂಚನೆಯ ನಿಯಮವಿದೆ, ರದ್ದು ಮಾಡುವ ಗುಂಡಿ ಮೊಬೈಲ್‌ನಲ್ಲೇ ಇದೆ.

ಆದರೆ ಮುನ್ಸೂಚನೆಯ ಮೇಲೆ ಅತಿಯಾದ ಭರವಸೆಯೂ ಸಲ್ಲದು. ಮಿತಿಯೊಳಗಿನ ಕಡಿತಕ್ಕೆ ಒಟಿಪಿ ಇಲ್ಲದಿರುವುದರಿಂದ ಗ್ರಾಹಕನಿಗೆ ಉಳಿದಿರುವ ಕಾವಲು ಆ ಒಂದು ಸಂದೇಶ ಮಾತ್ರ. ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸಾಲ ಕೊಡುತ್ತೇವೆಂಬ ಜಾಹೀರಾತುಗಳ ನಡುವೆ ಬಂದು ಬೀಳುತ್ತದೆ. ಸುಮ್ಮನಿದ್ದರೆ ಸಮ್ಮತಿ ಎಂಬ ಈ ಏರ್ಪಾಟಿನಲ್ಲಿ ಓದುವ ಹೊಣೆ ಪೂರ್ತಿಯಾಗಿ ಗ್ರಾಹಕನದೇ. ಬಿಡಿಸಿಕೊಳ್ಳಲಾಗದಂತೆ ಹೆಣೆದ ‘ಚಂದಾ ಬಲೆ’ಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ ಎಂಬುದಷ್ಟೇ ಸಮಾಧಾನ.

ಸೇವೆ ರದ್ದುಮಾಡುವುದು, ಒಪ್ಪಿಗೆ ರದ್ದುಮಾಡುವುದು ಎರಡು ಪ್ರತ್ಯೇಕ ಕೆಲಸಗಳು. ಮೊದಲನೆಯದು ಕಂಪನಿಯಲ್ಲಿ, ಎರಡನೆಯದು ಬ್ಯಾಂಕಿನಲ್ಲಿ. ಬ್ಯಾಂಕಿನಲ್ಲಿ ನ್ಯಾಚ್ ಒಪ್ಪಿಗೆ ಹಿಂಪಡೆದ ಬಳಿಕವೂ ಹಣ ಕಡಿತವಾದರೆ ಹೊಣೆ ಗ್ರಾಹಕನ ಬ್ಯಾಂಕಿನದು. ಮರುದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುತ್ತದೆ. ಅದನ್ನು ಕೇಳಲು ಹೋದಾಗ ಬೇಕಾಗುವುದು ರದ್ದತಿಯ ದಿನಾಂಕ ಹಾಗೂ ಒಪ್ಪಿಗೆಯ ‘ಯುಎಂಆರ್‌ಎನ್’ ಸಂಖ್ಯೆ ನಮೂದಾಗಿರುವ ಬ್ಯಾಂಕಿನ ಸ್ವೀಕೃತಿ ಪತ್ರ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದವರ ಕೈಯಲ್ಲಿ ಅದು ಇರುವುದಿಲ್ಲ.