ರಜೆ ಇದೆ, ಆದ್ರೆ ಸಿಗೋದಿಲ್ಲ!

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. "ಕೆಲಸ ಜಾಸ್ತಿ, ಪುರುಸೊತ್ತೇ ಇರ್ಲಿಲ್ಲ" ಅಂತ ಎಂದಿನ ಹಾಗೆ ಶುರು ಮಾಡೋಣ ಅಂದ್ಕೊಂಡೆ. ಆದ್ರೆ ಇವತ್ತು ಬರೆಯೋಕೆ ಕೂತಿರೋದೇ ಆ ಮಾತಿನ ಮೇಲೆ ಸಿಟ್ಟು ಬಂದು. ಹಾಗಾಗಿ ಆ ನೆಪ ಬೇಡ.

ಮೊನ್ನೆ ಎಚ್ಚಾರ್ ಕಡೆಯಿಂದ ಮೇಲ್ ಬಂತು. ಡಿಸೆಂಬರ್ ಬಂತಂದ್ರೆ ತಪ್ಪದೇ ಬರೋ ಮೇಲು. ನಿಮ್ಮ ಖಾತೆಯಲ್ಲಿ 52 ದಿನ ಗಳಿಕೆ ರಜೆ ಇದೆ, ಅದರಲ್ಲಿ 45 ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತೆ, ಉಳಿದ 7 ದಿನ 31ನೇ ತಾರೀಕಿಗೆ ಲ್ಯಾಪ್ಸ್, ದಯವಿಟ್ಟು ಬಳಸಿಕೊಳ್ಳಿ. ಅದನ್ನ ಓದಿ ಮುಗಿಸೋಷ್ಟರಲ್ಲಿ ಮ್ಯಾನೇಜರ್ ಮೇಲ್ ಬಂತು. ರಿಲೀಸ್ ಇರೋದ್ರಿಂದ ಜನವರಿ 10ರವರೆಗೆ ಯಾರೂ ರಜೆ ಪ್ಲಾನ್ ಮಾಡಬೇಡಿ. ಎರಡೂ ಮೇಲು ಇನ್‌ಬಾಕ್ಸಿನಲ್ಲಿ ಒಂದರ ಕೆಳಗೊಂದು ಕೂತಿವೆ, ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಜಗಲಿ ಮೇಲೆ ಕೂತ ಹಾಗೆ.

ನಗು ಬಂತು. ಆಮೇಲೆ ಅಪ್ಪನ ನೆನಪಾಯ್ತು.

ನಮ್ಮದು ಶಿರಸಿ ಕಡೆ ಸಣ್ಣ ಅಡಿಕೆ ತೋಟ. ಈಗ ಕೊನೆಕೊಯ್ಲಿನ ಸಮಯ. ಕೊನೆಗೌಡ ಮರ ಹತ್ತಿ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ರೆ ಕೆಳಗೆ ಹಿಡಿಯೋಕೆ ಜನ ಬೇಕು, ಹೊರೋಕೆ ಬೇಕು, ರಾತ್ರಿ ಸುಲಿಯೋಕೆ ಬೇಕು, ಬೆಳಗಾದ್ರೆ ಬೇಯಿಸಿ ಅಟ್ಟದ ಮೇಲೆ ಹರಡೋಕೆ ಬೇಕು. ಜನ ಸಿಗಲ್ಲ. ಐದು ವರ್ಷದ ಹಿಂದೆ ಅಪ್ಪ ಫೋನ್ ಮಾಡಿದ್ದ.

"ಕೊನೆಕೊಯ್ಲಿಗೆ ಬತ್ಯನಾ ಈ ಸಲ?"

"ನೋಡ್ತಿ ಅಪ್ಪಯ್ಯ, ರಜೆ ಸಿಕ್ರೆ ಬತ್ತಿ."

"ಎಂತಕ್ಕೆ, ರಜೆ ಇಲ್ಯನಾ?"

"ಇದ್ದು. ಸಿಕ್ತಿಲ್ಲೆ."

"ಇಪ್ಪದು ಸಿಕ್ತಿಲ್ಲೆ ಅಂದ್ರೆ ಎಂತದಾ ಅದು?"

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನ ಲೆಕ್ಕ ಸರಿಯಾಗೇ ಇತ್ತು. ಅಟ್ಟದ ಮೇಲೆ ಅಡಿಕೆ ಇದೆ ಅಂದ್ರೆ ಇದೆ, ಬೇಕಾದಾಗ ಇಳಿಸಿ ಮಾರಬಹುದು. ಇದೆ, ಆದ್ರೆ ಇಳಿಸೋ ಹಾಗಿಲ್ಲ, ಏಣಿ ಇನ್ನೊಬ್ಬರ ಮನೇಲಿದೆ ಅಂದ್ರೆ ಅದು ನಮ್ಮ ಅಡಿಕೆ ಹೇಗಾಗುತ್ತೆ?

ಹೆಸರನ್ನೇ ನೋಡಿ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ "ಗಳಿಕೆ ರಜೆ" ಅಂತಾರೆ. ಒಳ್ಳೇ ಮಾತು, ದುಡಿದು ಗಳಿಸಿದ್ದು. ಆದ್ರೆ ಅದರ ಪಕ್ಕದಲ್ಲಿರೋ "ರಜೆ" ಅನ್ನೋ ಶಬ್ದ ಅರಬ್ಬಿ-ಪಾರಸಿ ಮೂಲದಿಂದ ಬಂದಿದ್ದು, ಅಲ್ಲಿ ಅದರ ಅರ್ಥ ಒಪ್ಪಿಗೆ, ಅಪ್ಪಣೆ. ಗಳಿಸಿದ್ದು ನಾವು, ಅಪ್ಪಣೆ ಅವರದ್ದು! ಸಂಬಳ ಕೊಡುವಾಗ ಯಾರಾದ್ರೂ "ಈ ತಿಂಗಳು ರಿಲೀಸ್ ಇದೆ, ಮುಂದಿನ ತಿಂಗಳು ನೋಡೋಣ" ಅಂದ್ರೆ ಸುಮ್ನೆ ಇರ್ತೀವಾ? ರಜೆಯೂ ಸಂಬಳದ ಒಂದು ಭಾಗ. ಅದನ್ನ ಮಾತ್ರ ಕೈ ಕಟ್ಟಿ ನಿಂತು ಕೇಳ್ತೀವಿ.

ಕಾನೂನು ಏನು ಹೇಳುತ್ತೆ ಅಂತ ಕೂತು ಓದಿದೆ (ರಿಲೀಸ್ ಕೆಲಸದ ಮಧ್ಯೆಯೇ :-) ). ಬೆಂಗಳೂರಿನ ಐಟಿ ಕಂಪನಿಗಳಿಗೆ ಅನ್ವಯಿಸೋದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಪ್ರತಿ 20 ದಿನ ದುಡಿದ್ರೆ 1 ದಿನ ಗಳಿಕೆ ರಜೆ. ವರ್ಷಕ್ಕೆ 240 ದಿನ ದುಡಿದವನಿಗೆ 12 ದಿನ. ಕಾಯಿಲೆಗೋ ಇನ್ಯಾವುದೋ ಕಾರಣಕ್ಕೋ ಬೇರೆ 12 ದಿನ. ಕಂಪನಿಗಳು ಇದರ ಮೇಲೆ ಒಂದಿಷ್ಟು ಸೇರಿಸಿ ಕೊಡೋದೂ ಉಂಟು. ಕಾರ್ಖಾನೆಗಳಿಗೂ ಲೆಕ್ಕ 20ಕ್ಕೆ 1. ಮೊದಲು 1948ರ ಕಾಯ್ದೆ ಪ್ರಕಾರ ವರ್ಷಕ್ಕೆ 240 ದಿನ ದುಡಿದವರಿಗೆ ಮಾತ್ರ ಈ ರಜೆ ಸಿಗ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಅದನ್ನ 180 ದಿನಕ್ಕೆ ಇಳಿಸಿದೆ. ಒಳ್ಳೇದೇ.

ಆದ್ರೆ ಬೇರೆ ಸುಧಾರಣೆಗಳನ್ನ ನೋಡಿ. ಅಂಗಡಿ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದ್ರು. ಏನಂತ? ಕೂಡಿಡಬಹುದಾದ ರಜೆ 30ರಿಂದ 45 ದಿನಕ್ಕೆ ಏರಿತು. 2023ರ ಕೇಂದ್ರ ಬಜೆಟ್ಟಿನಲ್ಲಿ ಖಾಸಗಿ ನೌಕರರು ಕೆಲಸ ಬಿಡುವಾಗ ಸಿಗೋ ರಜೆ ದುಡ್ಡಿನ ತೆರಿಗೆ ವಿನಾಯಿತಿ 3 ಲಕ್ಷದಿಂದ 25 ಲಕ್ಷಕ್ಕೆ ಹೋಯ್ತು. ಹೊಸ ಸಂಹಿತೆಯಲ್ಲಿ ವರ್ಷದ ಕೊನೆಗೆ ಕೇಳಿದ್ರೆ ರಜೆಯನ್ನ ದುಡ್ಡು ಮಾಡಿಕೊಳ್ಳೋ ಹಕ್ಕು ಬಂತು. ಪೇಪರಿನವರು ಎಲ್ಲವನ್ನೂ "ನೌಕರರಿಗೆ ಸಿಹಿಸುದ್ದಿ" ಅಂತಲೇ ಹಾಕ್ತಾರೆ. ಗಮನಿಸಿದ್ರಾ? ಈ ಮೂರೂ ಸಿಹಿಸುದ್ದಿ ರಜೆ ತಗೊಳ್ಳದೇ ಇದ್ದವರಿಗೆ! ತಗೊಂಡವನಿಗೆ ಏನೂ ಇಲ್ಲ.

ನಮ್ಮ ಚಿಕ್ಕಪ್ಪ ಸರ್ಕಾರಿ ನೌಕರ. ನಿವೃತ್ತಿ ದಿನ 300 ದಿನದ ರಜೆ ದುಡ್ಡು ತಗೊಂಡು ಬಂದ್ರು. ನೆಂಟರಿಷ್ಟರೆಲ್ಲ ಅದನ್ನ ಹೊಗಳಿದ್ದೇ ಹೊಗಳಿದ್ದು, ಎಷ್ಟು ಶಿಸ್ತಿನ ಮನುಷ್ಯ, ಒಂದು ದಿನ ರಜೆ ಹಾಳು ಮಾಡಿದವರಲ್ಲ ಅಂತ. ಆ ದುಡ್ಡಲ್ಲಿ ಮಾಳಿಗೆ ಕಟ್ಟಿಸಿದ್ರು. ಈಗ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಚಿಕ್ಕಮ್ಮ ಕಾಶಿ ನೋಡಬೇಕು ಅಂತ ನಾನು ಹೈಸ್ಕೂಲಲ್ಲಿದ್ದಾಗಿಂದ ಹೇಳ್ತಾನೇ ಇದಾರೆ. ನಗಬೇಡಿ, ನಾನೂ ಅದೇ ದಾರೀಲಿ ಇದೀನಿ. ಅಪ್ಪ ಕರೆದ ಆ ವರ್ಷ 12 ದಿನ ರಜೆ ಮಾರಿದೆ. ನಮ್ಮಲ್ಲಿ ಅದನ್ನ ಬೇಸಿಕ್ ಮೇಲೆ ಲೆಕ್ಕ ಹಾಕ್ತಾರೆ, ಅದರ ಮೇಲೆ ತೆರಿಗೆ ಬೇರೆ. ಬಂದ ದುಡ್ಡಿಗೆ ಸ್ವಲ್ಪ ಸೇರಿಸಿ ಟೀವಿ ತಗೊಂಡ್ವಿ. ಟೀವಿ ಚೆನ್ನಾಗೇ ಇದೆ. ಆದ್ರೆ ಅದರ ಮುಂದೆ ಕೂತಾಗಲೆಲ್ಲ ನೆನಪಾಗುತ್ತೆ, ಇದು ಅಪ್ಪನ ಜೊತೆ ಅಡಿಕೆ ಸುಲೀಬೇಕಾಗಿದ್ದ ಹನ್ನೆರಡು ರಾತ್ರಿ.

ಈಗ ನೀವು ಕೇಳಬಹುದು, ದುಡ್ಡು ಸಿಗುತ್ತಲ್ಲ, ನಷ್ಟ ಏನು ಅಂತ. ನಷ್ಟ ಏನಂದ್ರೆ, ರಜೆಗೆ ರೇಟು ಕಟ್ಟಿದ ದಿನವೇ ಅದು ಹಕ್ಕಾಗಿ ಉಳಿಯಲ್ಲ, ವ್ಯಾಪಾರ ಆಗುತ್ತೆ. ಇದನ್ನ ಬೇರೆಯವರು ಎಂದೋ ಅರ್ಥ ಮಾಡಿಕೊಂಡಿದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಡಂಬಡಿಕೆ ವರ್ಷಕ್ಕೆ ಕನಿಷ್ಠ ಮೂರು ವಾರ ಸಂಬಳದ ರಜೆ ಇರಬೇಕು ಅನ್ನುತ್ತೆ. ಜೊತೆಗೆ ಆ ಕನಿಷ್ಠ ರಜೆಯನ್ನ ದುಡ್ಡಿಗೋ ಇನ್ಯಾವುದಕ್ಕೋ ಬಿಟ್ಟುಕೊಡೋ ಒಪ್ಪಂದ ಊರ್ಜಿತವೇ ಅಲ್ಲ ಅಂತಲೂ ಹೇಳುತ್ತೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಯುರೋಪಿನ ಒಕ್ಕೂಟದಲ್ಲಿ ಕನಿಷ್ಠ ನಾಲ್ಕು ವಾರ, ಕೆಲಸ ಬಿಡುವಾಗ ಹೊರತು ಅದರ ಬದಲಿಗೆ ದುಡ್ಡು ಕೊಡೋ ಹಾಗಿಲ್ಲ.

ನಮ್ಮ ಜರ್ಮನಿ ಕ್ಲೈಂಟ್ ಕಡೆ ಒಬ್ಬ ಮನುಷ್ಯ ಇದಾನೆ. ಪ್ರತಿ ಆಗಸ್ಟಿನಲ್ಲಿ ಮೂರು ವಾರ ಮಾಯ. ಅವನ ಆಟೋ ರಿಪ್ಲೈ ಎರಡೇ ಸಾಲು: ಇಂಥ ತಾರೀಕಿಗೆ ಬರ್ತೀನಿ, ತುರ್ತಿದ್ರೆ ಇವರನ್ನ ಕೇಳಿ. ಅಷ್ಟೇ. ಕ್ಷಮೆ ಇಲ್ಲ, ಮೊಬೈಲ್ ನಂಬರ್ ಇಲ್ಲ. ಮೊದಮೊದಲು ನಾವು ಇಲ್ಲಿ ಕೂತು ಸೋಮಾರಿ ನನ್ಮಗ ಅಂತ ಬೈತಿದ್ವಿ. ಆಮೇಲೆ ಗೊತ್ತಾಯ್ತು, ಅಲ್ಲಿನ 1963ರ ಕಾನೂನೇ ಹಾಗಿದೆ. ಕನಿಷ್ಠ ನಾಲ್ಕು ವಾರ, ಅದರಲ್ಲಿ ಎರಡು ವಾರವನ್ನ ತುಂಡು ಮಾಡದೇ ಒಟ್ಟಿಗೆ ಕೊಡಬೇಕು. 2018ರಲ್ಲಿ ಯುರೋಪಿನ ನ್ಯಾಯಾಲಯ ಜರ್ಮನಿಯದ್ದೇ ಒಂದು ಕೇಸಿನಲ್ಲಿ ಹೇಳಿತು: ನೌಕರ ರಜೆ ಕೇಳಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ತಂತಾನೇ ರದ್ದಾಗಲ್ಲ, ತಗೊಳ್ಳೋ ಅವಕಾಶವನ್ನ ನಿಜವಾಗಿ ಮಾಡಿಕೊಟ್ಟಿದ್ದೆ ಅಂತ ಮಾಲೀಕ ತೋರಿಸಬೇಕು. ಆ ತೀರ್ಪನ್ನ ನನ್ನ ಇನ್‌ಬಾಕ್ಸಿನ ಎರಡು ಮೇಲ್ ಪಕ್ಕ ಇಟ್ಟು ಓದಿ! ಕೆಲಸ ಕೆಲಸ ಅಂತ ಸಾಯೋರು ಅಂತ ಹೆಸರಾದ ಜಪಾನಿನಲ್ಲೂ 2019ರಿಂದ, ಹತ್ತು ದಿನ ಅಥವಾ ಹೆಚ್ಚು ರಜೆ ಇರೋ ನೌಕರ ಕನಿಷ್ಠ ಐದು ದಿನ ತಗೊಳ್ಳೋ ಹಾಗೆ ಮಾಡೋದು ಕಂಪನಿಯ ಹೊಣೆ.

ಅಮೆರಿಕಾದಲ್ಲಿರೋ ಗೆಳೆಯರು ಕಾಮೆಂಟ್ ಹಾಕೋ ಮುಂಚೆ ನಾನೇ ಹೇಳ್ಬಿಡ್ತೀನಿ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಸಂಬಳದ ರಜೆ ಒಂದು ದಿನವೂ ಕಡ್ಡಾಯ ಇಲ್ಲ. ಗೊತ್ತು. ನಾವು ಅವರಿಂದ ಬೇಕಾದಷ್ಟು ಕಲಿತಾಗಿದೆ, ಇದೊಂದು ಬೇಡ.

"ನೀನು ಹೋದ್ರೆ ಕೆಲಸ ನಿಂತುಹೋಗುತ್ತೆ" ಅನ್ನೋದು ಇನ್ನೊಂದು ಮಾತು. ಕೇಳೋಕೆ ಹೊಗಳಿಕೆ ಥರ ಇರುತ್ತೆ, ಅದಕ್ಕೇ ಬಲೆಗೆ ಬೀಳ್ತೀವಿ. ಆದ್ರೆ ನಮ್ಮ ದೇಶದಲ್ಲೇ ಒಂದು ಕಡೆ ಕಡ್ಡಾಯ ರಜೆ ಇದೆ, ಗೊತ್ತಾ? ಬ್ಯಾಂಕಿನಲ್ಲಿ. ಸೂಕ್ಷ್ಮ ಹುದ್ದೆಗಳಲ್ಲಿರೋರು ವರ್ಷಕ್ಕೊಮ್ಮೆ ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಯಲ್ಲಿರಬೇಕು ಅಂತ ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಆದೇಶ ಹೊರಡಿಸಿತು. ಮುಂಚೆ ತಿಳಿಸೋ ಹಾಗಿಲ್ಲ, ಆ ದಿನಗಳಲ್ಲಿ ಕೆಲಸದ ಕಂಪ್ಯೂಟರ್ ವ್ಯವಸ್ಥೆಯನ್ನ ಮುಟ್ಟೋ ಹಾಗೂ ಇಲ್ಲ. ಯಾಕೆ? ಆ ಮನುಷ್ಯ ದೂರ ಇದ್ದಾಗ ಏನಾದ್ರೂ ಮೋಸ ಮಾಡಿದ್ರೆ ಹೊರಗೆ ಬರುತ್ತೆ ಅಂತ. ಅಂದ್ರೆ ಕಳ್ಳತನದ ಭಯ ಬಂದಾಗ ಹತ್ತು ದಿನ ಒಬ್ಬ ಇಲ್ಲದೇ ಬ್ಯಾಂಕೇ ನಡೆಯುತ್ತೆ. ದುಡ್ಡು ಎಣಿಸೋ ಬ್ಯಾಂಕಿಗೆ ಸಾಧ್ಯ ಆಗಿದ್ದು ನಮ್ಮ ಬಟನ್ ಬಣ್ಣ ಬದಲಿಸೋ ರಿಲೀಸಿಗೆ ಸಾಧ್ಯ ಇಲ್ವಂತೆ. ಅನುಮಾನದ ಮೇಲೆ ಸಿಗೋ ರಜೆ ನಂಬಿಕೆ ಮೇಲೆ ಸಿಗೋದಿಲ್ಲ ಮಾರಾಯ್ರೇ!

ಬರೀ ಮ್ಯಾನೇಜರನ್ನ ಬೈದು ಮುಗಿಸಿದ್ರೆ ಅನ್ಯಾಯ ಆಗುತ್ತೆ. ತಪ್ಪು ನನ್ನದೂ ಇದೆ. ತಂಗಿ ಮದುವೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿದ್ದೆ, ಧಾರೆ ಹೊತ್ತಲ್ಲಿ ಕಾಲ್‌ನಲ್ಲಿದ್ದೆ. ಆವತ್ತು ಅದನ್ನ ಹೆಮ್ಮೆಯಿಂದ ಹೇಳ್ಕೊಂಡಿದ್ದೆ ಕೂಡ. 2023ರಲ್ಲಿ ವಾರಕ್ಕೆ 70 ಗಂಟೆ, 2025ರಲ್ಲಿ 90 ಗಂಟೆ ದುಡೀಬೇಕು ಅಂತ ದೊಡ್ಡವರು ಹೇಳಿದಾಗ ನಾವೆಲ್ಲ ಸೇರಿ ಬೈದ್ವಿ, ಜೋಕ್ ಕಳಿಸಿಕೊಂಡ್ವಿ. ಮರುದಿನ ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿದೋರು ಯಾರು? ನಾವೇ.

ಇನ್ನೊಂದು ವಿಷಯ, ಹೇಳೋಕೆ ನಾಚಿಕೆ ಆಗುತ್ತೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಹೋದ ತಿಂಗಳು ಊರ ಜಾತ್ರೆಗೆ ಅಂತ ನಾಲ್ಕು ದಿನ ಹೋದ್ರು. ಮೊದಲೇ ಹೇಳಿ ಹೋಗಿದ್ರು. ಆದ್ರೂ ಮೂರನೇ ದಿನ ಸಿಂಕಿನಲ್ಲಿ ಪಾತ್ರೆ ನೋಡಿ "ಇವರದ್ದು ಯಾವಾಗ್ಲೂ ರಜೆನೇ" ಅಂದೆ. ಅಂದಿದ್ದು ಕಿವಿಗೆ ಬಿತ್ತು. ನನ್ನ ಮ್ಯಾನೇಜರಿನ ದನಿಯೇ! ಆ ಅಕ್ಕನಿಗೆ ಗಳಿಕೆ ರಜೆ ಇಲ್ಲ, ಲ್ಯಾಪ್ಸ್ ಆಗೋಕೂ ಇಲ್ಲ. ಅದನ್ನ ಕೊಡೋ ಮಾಲೀಕರು ನಾವೇ ಅಲ್ವಾ? ಆ ತಿಂಗಳು ದುಡ್ಡು ಹಿಡೀಲಿಲ್ಲ. ಈಗ ತಿಂಗಳಿಗೆ ಎರಡು ದಿನ, ವರ್ಷಕ್ಕೆ ಒಟ್ಟಿಗೆ ಒಂದು ವಾರ ಸಂಬಳದ ರಜೆ ಅಂತ ಮಾತಾಡಿಕೊಂಡಿದೀವಿ. ನನ್ನ ಮನೆಯಲ್ಲಿ ಪಾತ್ರೆ ತೊಳೆಯೋಕಾಗದವನು ಹಕ್ಕಿನ ಬಗ್ಗೆ ಬ್ಲಾಗ್ ಬರೆಯೋದು ಚೆನ್ನಾಗಿರಲ್ಲ.

"ಕಮ್ಮಿ ಸಂಬಳದವರಿಗೆ ರಜೆ ದುಡ್ಡೇ ಆಸರೆ, ಅದನ್ನೂ ಕಿತ್ಕೋಬೇಕಾ?" ಅಂತ ಒಬ್ಬ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಆದ್ರೆ ಮಕ್ಕಳ ಸ್ಕೂಲ್ ಫೀಸಿಗೆ ರಜೆ ಮಾರಬೇಕಾಗಿ ಬಂದ್ರೆ ಕಡಿಮೆ ಇರೋದು ಸಂಬಳ, ಹೆಚ್ಚಾಗಿರೋದು ರಜೆ ಅಲ್ಲ. ಸಂಬಳ ಏರಿಸಿ ಅಂತ ಕೇಳೋಣ.

ನನ್ನ ಬೇಡಿಕೆ ಒಂದೇ. ವರ್ಷಕ್ಕೆ ಹತ್ತು ಕೆಲಸದ ದಿನ, ಒಟ್ಟಿಗೆ, ಕಡ್ಡಾಯ. ಮಾರೋ ಹಾಗಿಲ್ಲ, ಮುಂದೆ ಹಾಕೋ ಹಾಗಿಲ್ಲ. ಕೊಡದಿದ್ರೆ ದಂಡ ಕಂಪನಿಗೆ. ಅದರ ಮೇಲಿನದ್ದನ್ನ ಬೇಕಾದ್ರೆ ಕೂಡಿಡಿ, ಮಾರಿ, ಉಪ್ಪಿನಕಾಯಿ ಹಾಕಿ. ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. ಕಾಫಿ ಮಷೀನ್ ಹತ್ರ ನಿಂತು ಬಾಯಲ್ಲಿ ರಜೆ ಕೇಳಬೇಡಿ, ಬರವಣಿಗೆಯಲ್ಲಿ ಕೇಳಿ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಒಂದು ಜಾಣ ಸಾಲಿತ್ತು. ಕೂಡಿಡೋಕೆ 30 ದಿನದ ಮಿತಿ, ಆದ್ರೆ ಅರ್ಜಿ ಹಾಕಿಯೂ ನಿರಾಕರಿಸಿದ ರಜೆಗೆ ಮಿತಿಯೇ ಇಲ್ಲ. ಅರ್ಜಿಯೇ ಇಲ್ಲದಿದ್ರೆ ನಿರಾಕರಣೆಯೂ ಇಲ್ಲ. ಬಾಯಲ್ಲಿ ಕೇಳಿ ಬಾಯಲ್ಲಿ "ಇಲ್ಲ" ಅನ್ನಿಸಿಕೊಂಡ ರಜೆಯೆಲ್ಲ ವರ್ಷದ ಕೊನೆಗೆ "ನೌಕರ ಬಳಸಿಕೊಳ್ಳಲಿಲ್ಲ" ಅಂತ ದಾಖಲಾಗುತ್ತೆ.

ಅಪ್ಪ ಮೂರು ವರ್ಷ ಸತತ ಕೇಳಿದ. ನಾಲ್ಕನೇ ವರ್ಷ ಕೇಳಲಿಲ್ಲ. ಈ ವರ್ಷವೂ ಫೋನ್ ಮಾಡಿದಾಗ ಮಳೆ, ಅಡಿಕೆ ರೇಟು, ಮಂಗನ ಕಾಟ ಎಲ್ಲ ಹೇಳಿದ, ಅದೊಂದು ಬಿಟ್ಟು. ಇಟ್ಟ ಫೋನನ್ನೇ ನೋಡ್ತಾ ಸುಮಾರು ಹೊತ್ತು ಕೂತಿದ್ದೆ.

ನಿನ್ನೆ ರಾತ್ರಿ ಸಿಸ್ಟಮ್ಮಿನಲ್ಲಿ ಅರ್ಜಿ ಹಾಕಿದೆ. ಡಿಸೆಂಬರ್ ಕೊನೆಯಿಂದ ಹತ್ತು ಕೆಲಸದ ದಿನ, ಒಟ್ಟಿಗೆ. ಕಾರಣ ಅನ್ನೋ ಜಾಗದಲ್ಲಿ ಎಂದಿನ ಹಾಗೆ "ಪರ್ಸನಲ್" ಅಂತ ಹಾಕ್ಲಿಲ್ಲ. "ಅಡಿಕೆ ಕೊಯ್ಲು" ಅಂತ ಬರೆದೆ. ಮ್ಯಾನೇಜರ್ ದಿಲ್ಲಿ ಕಡೆಯವನು, ಏನಂತ ಅರ್ಥ ಮಾಡ್ಕೋತಾನೋ :-) ಇನ್ನೂ ಪೆಂಡಿಂಗ್ ತೋರಿಸ್ತಿದೆ. ರಿಜೆಕ್ಟ್ ಮಾಡಿದ್ರೆ ಯಾಕೆ ಅಂತ ಅವನೂ ಬರೆದೇ ಕೊಡಲಿ.

ಬಸ್ಸಿನ ಟಿಕೆಟ್ ಮಾತ್ರ ಬುಕ್ ಮಾಡಿಯಾಗಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಖಾತೆಯಲ್ಲಿ ಎಷ್ಟು ದಿನ ಕೊಳೀತಾ ಇದೆ? ಒಟ್ಟಿಗೆ ಹತ್ತು ದಿನ ತಗೊಂಡಿದ್ದು ಕೊನೇ ಸಲ ಯಾವಾಗ? ಕೆಳಗೆ ಬರೀರಿ. ಬೈಯೋದಿದ್ರೂ ಬರೀರಿ, ಆದ್ರೆ ಆಫೀಸ್ ಟೈಮಲ್ಲಿ ಬರೀರಿ :-)